ಡಿಮ್ ಮಾಡೋ ಎಲ್‌ಇಡಿ ಲ್ಯಾಂಪಿಗೆ ಯಾವ ಡ್ರೈವರ್ ಹಾಕ್ಲಿ? ಎಲ್‌ಎಂ317, ಬಕ್ ಐಸಿ, ಇಲ್ಲ ಬರೀ ಮಾಸ್ಫೆಟ್ಟಾ?

ಬೆಳಕುಹುಳ:
ಎಲ್ರಿಗೂ ನಮಸ್ಕಾರ. ಓದೋಕೆ ಒಂದು ಟೇಬಲ್ ಲ್ಯಾಂಪ್ ಮಾಡ್ತಿದೀನಿ. 350 ಮಿಲಿಆಂಪಿನ ಬಿಳಿ ಪವರ್ ಎಲ್‌ಇಡಿ ಮೂರು ಸೀರೀಸಲ್ಲಿ, 12 ವೋಲ್ಟ್ ಅಡಾಪ್ಟರ್, ಕಂಟ್ರೋಲಿಗೆ ಇಎಸ್‌ಪಿ32 ಮೈಕ್ರೋಕಂಟ್ರೋಲರ್. ಬರೀ ಆನ್ ಆಫ್ ಸಾಕಾಗಿದ್ರೆ ಇಷ್ಟು ಯೋಚ್ನೆ ಮಾಡ್ತಿರ್ಲಿಲ್ಲ, ಆದ್ರೆ ಪೂರ್ತಿ ಬೆಳಕಿಂದ ಹಿಡ್ದು ಮಲಗೋ ಹೊತ್ತಿನ ಮಂದ ಬೆಳಕಿನ ತನಕ ನುಣ್ಣಗೆ ಇಳೀಬೇಕು, ಮಧ್ಯ ಎಲ್ಲೂ ಜಿಗೀಬಾರ್ದು, ಮಿನುಗಬಾರ್ದು. ಒಬ್ರು ರೆಸಿಸ್ಟರ್ ಜೊತೆ ಮಾಸ್ಫೆಟ್ (ಸ್ವಿಚ್ ಥರ ಕೆಲ್ಸ ಮಾಡೋ ಟ್ರಾನ್ಸಿಸ್ಟರ್) ಸಾಕು ಅಂತಾರೆ, ಇನ್ನೊಬ್ರು ಎಲ್‌ಎಂ317 ರೆಗ್ಯುಲೇಟರ್ ಐಸಿ ಅಂತಾರೆ, ಮತ್ತೊಬ್ರು ಪಿಟಿ4115 ಅನ್ನೋ ಬಕ್ ಐಸಿ (ವೇಗವಾಗಿ ಸ್ವಿಚ್ ಮಾಡಿ ವೋಲ್ಟೇಜ್ ಇಳಿಸೋ ಡ್ರೈವರ್) ತಗೊಳ್ಳಿ ಅಂತಾರೆ. ಅಡಾಪ್ಟರ್ ವೋಲ್ಟೇಜನ್ನೇ ಕಮ್ಮಿ ಜಾಸ್ತಿ ಮಾಡಿ ಡಿಮ್ ಮಾಡಿದ್ರೆ ಆಗಲ್ವಾ ಅನ್ನೋದೂ ತಲೇಲಿದೆ. ಯಾವ್ದು ಸರಿ, ಯಾಕೆ ಸರಿ ಅಂತ ಹೇಳಿ ಪ್ಲೀಸ್.

ಓಮ್_ನಿಯಮ:
ಕೊನೇ ಪ್ರಶ್ನೆ ಮೊದ್ಲು ಮುಗಿಸ್ತೀನಿ. ವೋಲ್ಟೇಜಿಂದ ಡಿಮ್ ಮಾಡೋದು ಬೇಡ. ಎಲ್‌ಇಡಿಲಿ ವೋಲ್ಟೇಜ್ ಚೂರು ಏರಿದ್ರೂ ಕರೆಂಟ್ ಸಿಕ್ಕಾಪಟ್ಟೆ ಏರುತ್ತೆ, ಅದ್ರ ಮೇಲೆ ಬಿಸಿ ಆದಷ್ಟೂ ಫಾರ್ವರ್ಡ್ ವೋಲ್ಟೇಜ್ (ಎಲ್‌ಇಡಿ ಉರಿಯೋಕೆ ಬೇಕಾದ ವೋಲ್ಟೇಜ್) ಇಳಿಯುತ್ತೆ, ಅಂದ್ರೆ ಅದೇ ವೋಲ್ಟೇಜಿಗೆ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ, ಮತ್ತೆ ಬಿಸಿ. ಹಿಡಿತದಲ್ಲಿ ಇಡ್ಬೇಕಾಗಿರೋದು ಕರೆಂಟನ್ನ.

ರೆಡಿಮೇಡ್ 12 ವೋಲ್ಟ್ ಸ್ಟ್ರಿಪ್ ಆಗಿದ್ರೆ ರೆಸಿಸ್ಟರ್ ಅದರಲ್ಲೇ ಕೂತಿರುತ್ತೆ, ಅದಕ್ಕೆ ಮಾಸ್ಫೆಟ್ ಮತ್ತೆ ಪಿಡಬ್ಲ್ಯೂಎಂ (ವೇಗವಾಗಿ ಆನ್ ಆಫ್ ಮಾಡಿ ಬೆಳಕು ಇಳಿಸೋದು) ಸಾಕು. ನಿಮ್ದು ಬಿಡಿ ಪವರ್ ಎಲ್‌ಇಡಿ, ಇದಕ್ಕೆ ಕಾನ್‌ಸ್ಟಂಟ್ ಕರೆಂಟ್ ಡ್ರೈವರೇ ಬೇಕು.

ಎಲ್‌ಎಂ317 ನಂಗೂ ಇಷ್ಟ, ಆದ್ರೆ ನಿಮ್ಮ ಲೆಕ್ಕಕ್ಕೆ ಕೂರಲ್ಲ. ಒಂದು ಎಲ್‌ಇಡಿಗೆ 3.1 ವೋಲ್ಟ್ ಅಂತ ಇಟ್ಕೊಂಡ್ರೆ ಮೂರಕ್ಕೆ 9.3, ಉಳಿಯೋದು 2.7. ಎಲ್‌ಎಂ317ನ ಕರೆಂಟ್ ಸೋರ್ಸ್ ಮಾಡಿದ್ರೆ ಸೆನ್ಸ್ ರೆಸಿಸ್ಟರ್ (ಕರೆಂಟ್ ಅಳೆಯೋ ರೆಸಿಸ್ಟರ್) ಮೇಲೆ 1.25 ವೋಲ್ಟ್, ಐಸಿ ಮೇಲೆ ಇನ್ನೊಂದು ಒಂದೂವರೆ ಎರಡು ವೋಲ್ಟ್ ಬೇಕು, ಒಟ್ಟು 3 ಹತ್ರ. ಅಂಚಲ್ಲಿ ನಿಂತಿರೋ ಡಿಸೈನ್ ಅದು, ಅಡಾಪ್ಟರ್ ಸ್ವಲ್ಪ ಕುಸಿದ್ರೂ ರೆಗ್ಯುಲೇಷನ್ ಹೋಯ್ತು.

ಬೆಸುಗೆ_ಪ್ರಿಯ:
ಮೇಲೆ ಹೇಳಿದ್ದು ಪೂರ್ತಿ ಒಪ್ತೀನಿ, ಬಕ್ ಡ್ರೈವರೇ ಸರಿ. ಪಿಟಿ4115 6ರಿಂದ 30 ವೋಲ್ಟ್ ತನಕ ತಗೊಳ್ಳುತ್ತೆ, ಸೆನ್ಸ್ ವೋಲ್ಟೇಜ್ 0.1 ವೋಲ್ಟ್, 0.3 ಓಮ್ ಹಾಕಿದ್ರೆ 333 ಮಿಲಿಆಂಪ್ ಸಿಗುತ್ತೆ. ಡಿಮ್ ಪಿನ್ನಿಗೆ 2.5 ವೋಲ್ಟ್ ದಾಟಿದ್ರೆ ಪೂರ್ತಿ ಆನ್, ಹಾಗಾಗಿ ಇಎಸ್‌ಪಿ32ನ 3.3 ವೋಲ್ಟ್ ನೇರ ಕೊಡ್ಬಹುದು.

ಆದ್ರೆ ಡ್ರೈವರ್ ಆಯ್ಕೆ ಮಾಡೋವಾಗ ಎಲ್ರೂ ಗರಿಷ್ಠ ಬೆಳಕನ್ನೇ ನೋಡ್ತಾರೆ, ನನ್ನ ಪ್ರಕಾರ ನೋಡ್ಬೇಕಾಗಿರೋದು ಕನಿಷ್ಠ ಬೆಳಕನ್ನ. ಬಕ್ಕಲ್ಲಿ ಇಂಡಕ್ಟರ್ (ಕರೆಂಟ್ ತಟ್ಟನೆ ಏರೋಕೆ ಬಿಡದ ಕಾಯಿಲ್) ಇದೆ, ಪ್ರತಿ ಪಲ್ಸಿಗೂ ಕರೆಂಟ್ ಸೊನ್ನೆಯಿಂದ ಮೇಲೆ ಹತ್ಬೇಕು. 12 ವೋಲ್ಟಲ್ಲಿ 2.7 ವೋಲ್ಟ್ ಮಾತ್ರ ಇಂಡಕ್ಟರಿಗೆ ಸಿಗೋದು, 68 ಮೈಕ್ರೋಹೆನ್ರಿ ಆದ್ರೆ 350 ಮಿಲಿಆಂಪ್ ಮುಟ್ಟೋಕೆ ಸುಮಾರು 9 ಮೈಕ್ರೋಸೆಕೆಂಡ್. ಈಗ 5 ಕಿಲೋಹರ್ಟ್ಸ್ ಪಿಡಬ್ಲ್ಯೂಎಂ ಕೊಟ್ರೆ 1% ಅಂದ್ರೆ ಬರೀ 2 ಮೈಕ್ರೋಸೆಕೆಂಡ್, ಕರೆಂಟ್ ಮೇಲೆ ಹತ್ತೋದ್ರೊಳಗೆ ಪಲ್ಸ್ ಮುಗ್ದಿರುತ್ತೆ. ಕೆಳಗಿನ ಹಂತಗಳಲ್ಲಿ ಬೆಳಕು ಲೆಕ್ಕ ತಪ್ಪೋದು, ಜಿಗಿಯೋದು ಇದ್ರಿಂದಾನೇ.

ಫ್ರೀಕ್ವೆನ್ಸಿ ಇಳಿಸಿದ್ರೆ ಇದು ಸರಿಹೋಗುತ್ತೆ, ಆದ್ರೆ ತುಂಬಾ ಇಳಿಸಿದ್ರೆ ಫ್ಲಿಕರ್. ಐಟ್ರಿಪಲ್‌ಇ (ಎಂಜಿನಿಯರ್‌ಗಳ ಸಂಸ್ಥೆ) 1789-2015 ಶಿಫಾರಸಿನ ಪ್ರಕಾರ ಪೂರ್ತಿ ಆನ್ ಆಫ್ ಆಗೋ ಬೆಳಕು ಕಮ್ಮಿ ರಿಸ್ಕ್ ಅನ್ನಿಸ್ಕೊಳ್ಳೋಕೆ ಕನಿಷ್ಠ 1250 ಹರ್ಟ್ಸ್ ಇರ್ಬೇಕು. ಓದೋ ದೀಪಕ್ಕೆ ಇದ್ರಲ್ಲಿ ರಾಜಿ ಮಾಡ್ಕೋಬೇಡಿ. ಬದಲಿಗೆ ಅಡಾಪ್ಟರನ್ನ 24 ವೋಲ್ಟಿಗೆ ಬದಲಾಯಿಸಿ, ಅದೇ ಇಂಡಕ್ಟರಲ್ಲಿ ಕರೆಂಟ್ 2 ಮೈಕ್ರೋಸೆಕೆಂಡಿಗೂ ಮುಂಚೆ ಮೇಲಿರುತ್ತೆ, 1250 ಹರ್ಟ್ಸಲ್ಲಿ 1% ಪಲ್ಸ್ 8 ಮೈಕ್ರೋಸೆಕೆಂಡ್, ಆರಾಮಾಗಿ ಸಾಕು. ಇಎಸ್‌ಪಿ32ಗೆ ಬೇರೆ ಸಪ್ಲೈ ಮಾಡ್ಕೋಬೇಕಾಗುತ್ತೆ ನೋಡ್ಕೊಳ್ಳಿ.

ಬೆಳಕುಹುಳ:
ಸೂಪರ್ ವಿವರಣೆ ಸರ್, ಇಂಡಕ್ಟರ್ ವಿಷ್ಯ ಯಾರೂ ಹೇಳಿರ್ಲಿಲ್ಲ. ಒಂದೇ ಡೌಟು, ಎಲ್‌ಇಡಿಗೆ ಅಡ್ಡವಾಗಿ ದೊಡ್ಡ ಕೆಪಾಸಿಟರ್ ಹಾಕಿದ್ರೆ ಫ್ಲಿಕರ್ ಹೋಗಲ್ವಾ? 12 ವೋಲ್ಟಲ್ಲೇ ಉಳ್ಕೊಳ್ಳೋಕೆ ದಾರಿ ಇದ್ಯಾ? ಬಾಕ್ಸಲ್ಲಿ ಆ ಅಡಾಪ್ಟರಿಗೇ ಜಾಗ ಮಾಡಿದೀನಿ.

ಬೆಸುಗೆ_ಪ್ರಿಯ:
ದೊಡ್ಡ ಕೆಪಾಸಿಟರ್ ಬೇಡ. ರಿಪಲ್ (ಕರೆಂಟಿನ ಸಣ್ಣ ಏರಿಳಿತ) ಇಳಿಸೋಕೆ 1 ಮೈಕ್ರೋಫ್ಯಾರಡ್ ಥರ ಚಿಕ್ಕದು ಓಕೆ, ಆದ್ರೆ ಅದಕ್ಕಿಂತ ಜಾಸ್ತಿ ಆದಂಗೆ ಪಲ್ಸಿನ ಅಂಚು ಎಳ್ಕೊಂಡು ಹೋಗಿ ಕೆಳಗಿನ ಹಂತ ಇನ್ನೂ ಕೆಡುತ್ತೆ.

12 ವೋಲ್ಟಲ್ಲೇ ಬೇಕಂದ್ರೆ ಹೀಗೆ ಮಾಡಿ: ಮಂದ ಬೆಳಕಿಗೆ ಬೇರೆ ದಾರಿ ಕೊಡಿ. ಎಲ್‌ಇಡಿ ಸರಣಿಯ ಕ್ಯಾಥೋಡಿಂದ ಗ್ರೌಂಡಿಗೆ 390 ಓಮ್ ಮತ್ತೆ ಒಂದು ಎಒ3400 ಮಾಸ್ಫೆಟ್. ಪಿಟಿ4115 ಆಫ್ ಇದ್ದಾಗ ಅದ್ರಲ್ಲಿ 10 ಮಿಲಿಆಂಪ್ ಹತ್ರ ಹರಿಯುತ್ತೆ, ಇಂಡಕ್ಟರಿಗೆ ಕಾಯೋ ಕೆಲ್ಸ ಇಲ್ಲ, ಎಷ್ಟು ಚಿಕ್ಕ ಪಲ್ಸ್ ಕೊಟ್ರೂ ಹಾಗೇ ಫಾಲೋ ಮಾಡುತ್ತೆ. ಐಆರ್‌ಎಫ್‌ಝಡ್44ಎನ್ ಥರದ್ದು ಹಾಕ್ಬೇಡಿ, 3.3 ವೋಲ್ಟ್ ಗೇಟಿಗೆ ಅದು ತೆರ್ಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ.

ರಾತ್ರಿ_ಪಾಳಿ:
ಸರ್ಕ್ಯೂಟ್ ಬಗ್ಗೆ ನಂದೇನೂ ಸೇರ್ಸೋದಿಲ್ಲ, ಕೋಡ್ ಕಡೆ ಎರಡು ಮಾತು. ನೀವು ನುಣ್ಣಗೆ ಇಳೀಬೇಕು ಅಂದ್ರಲ್ಲ, ಡ್ಯೂಟಿಯನ್ನ (ಪಲ್ಸ್ ಆನ್ ಇರೋ ಹೊತ್ತಿನ ಪಾಲು) ನೇರ ಗೆರೇಲಿ ಇಳಿಸಿದ್ರೆ ಯಾವ ಡ್ರೈವರ್ ಇದ್ರೂ ನುಣ್ಣಗೆ ಕಾಣ್ಸಲ್ಲ. ಕಣ್ಣಿಗೆ ಅರ್ಧ ಅನ್ನಿಸೋ ಬೆಳಕು ನಿಜವಾಗಿ ಸುಮಾರು 18% ಅಷ್ಟೇ. ಹಾಗಾಗಿ ಸಿಐಇ 1976 ಲೈಟ್‌ನೆಸ್ (ಕಣ್ಣಿಗೆ ಕಾಣೋ ಬೆಳಕಿನ) ಸೂತ್ರದ ಟೇಬಲ್ ಮಾಡ್ಕೊಂಡು ಅದ್ರ ಮೂಲಕ ಡ್ಯೂಟಿ ಕೊಡಿ, 8 ಬಿಟ್ ಬೇಡ, ಕೆಳಗೆ ಒಂದೊಂದು ಮೆಟ್ಟಿಲೂ ಕಾಣುತ್ತೆ, ಇಎಸ್‌ಪಿ32ಲಿ 1250 ಹರ್ಟ್ಸಿಗೆ 12 ಬಿಟ್ ಸಲೀಸಾಗಿ ಬರುತ್ತೆ.

ಮತ್ತೆ ಪಿಟಿ4115 ಡಿಮ್ ಪಿನ್ ತೇಲ್ತಾ ಬಿಟ್ರೆ ಪೂರ್ತಿ ಆನ್ ಅಂತ ಅರ್ಥ. ಇಎಸ್‌ಪಿ32 ಬೂಟ್ ಆಗೋವಾಗ ಪಿನ್ ತೇಲ್ತಿರುತ್ತೆ, ರಾತ್ರಿ ಕರೆಂಟ್ ಹೋಗಿ ಬಂದ್ರೆ ಫುಲ್ ಬೆಳಕು ಒಂದ್ಸಲ ಕಣ್ಣಿಗೆ ಹೊಡಿಯುತ್ತೆ. ಡಿಮ್ ಪಿನ್ನಿಂದ ಗ್ರೌಂಡಿಗೆ 4.7 ಕಿಲೋಓಮ್ ಹಾಕಿ, ಮಾಸ್ಫೆಟ್ ಗೇಟಿಗೂ ಹೀಗೇ ಗ್ರೌಂಡಿಗೆ ಒಂದು ಪುಲ್‌ಡೌನ್ ರೆಸಿಸ್ಟರ್ ಇರ್ಲಿ.