ಲಾರಿ ಹೊರಡೋ ಮುಂಚಿನ ಚೆಕಿಂಗ್‌ಗೆ ಕನ್ನಡದಲ್ಲಿ ಏನಂತೀರಿ? ಜೊತೆಗೆ ಒಸರು, ಜಿನುಗು, ಸೋರು ಬಗ್ಗೆ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಹೊಸದಾಗಿ ಹೆವಿ ಲೈಸೆನ್ಸ್ ತಗೊಂಡು ಲಾರಿ ಹತ್ತೋ ಹುಡುಗರಿಗೆ ಅಂತ ಒಂದು ಪುಟದ ಚೀಟಿ ಮಾಡ್ತಿದೀವಿ, ಬೆಳಿಗ್ಗೆ ಗಾಡಿ ತೆಗಿಯೋ ಮುಂಚೆ ಏನೇನು ನೋಡ್ಬೇಕು ಅಂತ. ಒಳಗಿನ ವಿಷಯ ಎಲ್ಲ ಆಯ್ತು, ತಲೆಬರಹಕ್ಕೇ ಪದ ಸಿಕ್ತಿಲ್ಲ.

ಮೊದಲು "ಪ್ರಯಾಣಪೂರ್ವ ವಾಹನ ತಪಾಸಣೆ" ಅಂತ ಹಾಕಿದ್ವಿ. ಸಾಗರ ರೋಡಲ್ಲಿ ಲಾರಿ ನಿಲ್ಲೋ ಕಡೆ ಡ್ರೈವರುಗಳಿಗೆ ತೋರಿಸಿದ್ರೆ ಒಬ್ಬರು ಕೇಳಿದ್ದು "ಎಂತ ಮಾರಾಯ್ರೆ, ಆರ್‌ಟಿಒದೋರು ಬರ್ತಾರಾ?" ಅಂತ. ಅವರು ಕೇಳಿದ್ದು ಸರಿನೇ. ತಪಾಸಣೆ ಮರಾಠಿ ಕಡೆಯಿಂದ ಬಂದ ಪದ, ಅದರಲ್ಲಿ ಇವತ್ತಿಗೂ ಒಂದು ಸರ್ಕಾರಿ ಗತ್ತು ಇದೆ, ಚೆಕ್‌ಪೋಸ್ಟಲ್ಲಾಗ್ಲಿ ಆಸ್ಪತ್ರೇಲಾಗ್ಲಿ ಬೇರೆಯವರು ನಮ್ಮನ್ನ ನಿಲ್ಲಿಸಿ ಮಾಡೋದು ತಪಾಸಣೆ. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸ್ತೀವಲ್ಲ, ಗಾಡಿಗೆ 8 ವರ್ಷ ಆಗೋ ತನಕ 2 ವರ್ಷಕ್ಕೊಂದ್ಸಲ ಆಮೇಲೆ ವರ್ಷವರ್ಷ, ಅದನ್ನ ಬೇಕಾದ್ರೆ ತಪಾಸಣೆ ಅನ್ನಿ. ತನ್ನ ಗಾಡಿನ ತಾನೇ ತಪಾಸಣೆ ಮಾಡ್ದೆ ಅಂತ ಯಾವ ಡ್ರೈವರೂ ಹೇಳಲ್ಲ. ಅವರ ಬಾಯಲ್ಲಿ ಬರೋದು "ಗಾಡಿ ನೋಡ್ಕೊಂಡ್ಯಾ?", "ಒಂದು ಸುತ್ತು ಬಂದು ನೋಡ್ಕೋ".

ಬರೀ ಪದಕ್ಕೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತ ಕೇಳಬಹುದು. ಅಮೆರಿಕಾದಲ್ಲಿ ಸಿಡಿಎಲ್ ಅಂತ ಟ್ರಕ್ ಲೈಸೆನ್ಸ್ ಇದೆಯಲ್ಲ, ಅದರ ಪರೀಕ್ಷೇಲಿ ಓಡಿಸೋ ಮುಂಚೆ ಗಾಡಿ ಸುತ್ತ ನಡ್ಕೊಂಡು ಒಂದೊಂದೇ ಪಾರ್ಟು ಮುಟ್ಟಿ ತೋರಿಸಿ ಇದು ಇಂಥದ್ದು, ಸೀಳಿಲ್ಲ, ಲೀಕಿಲ್ಲ, ನಟ್ಟು ಬಿಗಿಯಾಗಿದೆ ಅಂತ ಬಾಯಿಬಿಟ್ಟು ಹೇಳ್ಬೇಕು. ನಂಗೆ ಈ ಪದ್ಧತಿ ಬಹಳ ಹಿಡಿಸ್ತು, ಬಾಯಲ್ಲಿ ಹೇಳೋವಾಗ ಕಣ್ಣು ಹಾರಿಸಿಬಿಡಕ್ಕಾಗಲ್ಲ. ನಮ್ಮ ಹುಡುಗರ ಹತ್ರಾನೂ ಹಂಗೇ ಹೇಳಿಸ್ಬೇಕು ಅಂದ್ರೆ ಅವರ ಬಾಯಿಗೆ ಬರೋ ಮಾತೇ ಚೀಟೀಲಿ ಇರ್ಬೇಕಲ್ವಾ.

ಎರಡನೇ ಪ್ರಶ್ನೆ ಇನ್ನೂ ಮಜವಾಗಿದೆ. ಎಲ್ಲಾದಕ್ಕೂ ಲೀಕ್ ಅಂತ ಒಂದೇ ಇಂಗ್ಲಿಷ್ ಪದ ಹಾಕಿಬಿಡ್ತಾರೆ, ನಮ್ಮ ಮಲೆನಾಡಲ್ಲಿ ಮಳೆ ನೋಡಿ ನೋಡಿ ಇದಕ್ಕೆ ಬೇಕಾದಷ್ಟು ಮಾತಿದೆ. ಎಣ್ಣೆ ಹೊರಗೆ ಬರದ ಹಾಗೆ ಹಾಕಿರೋ ಸೀಲ್ ಹತ್ರ ಪಸೆ ಕಟ್ಟಿ ಧೂಳು ಮೆತ್ಕೊಂಡಿದ್ರೆ ಒಸರ್ತಿದೆ. ಒರೆಸಿದ ಸ್ವಲ್ಪ ಹೊತ್ತಿಗೆ ಮತ್ತೆ ಹನಿ ಕೂತ್ರೆ ಜಿನುಗ್ತಿದೆ. ಕೆಳಗೆ ತೊಟ್ಟಿಕ್ಕಿದ್ರೆ ಸೋರ್ತಿದೆ. ಹಂಗಾಗಿ ಚೀಟೀಲಿ "ಒಸರಿದ್ರೆ ಒರೆಸಿ ಗುರುತಿಟ್ಕೋ, ಜಿನುಗಿದ್ರೆ ಮೆಕ್ಯಾನಿಕ್‌ಗೆ ಹೇಳು, ಸೋರಿದ್ರೆ ಗಾಡಿ ತೆಗೀಬೇಡ" ಅಂತ ಬರ್ದಿದೀನಿ, ಆದ್ರೆ ಚಕ್ರದ ಹಬ್ ಹತ್ರ ಮಾತ್ರ ಒಸರಿದ್ರೂ ತೆಗೀಬೇಡ, ಅಲ್ಲಿಂದ ಎಣ್ಣೆ ಬ್ರೇಕ್ ಲೈನಿಂಗಿಗೇ ಹೋಗುತ್ತೆ. (ಆರಿದ್ರಾ ಮಳೇಲಿ ನೆಲ ಒಣಗೋದೇ ಇಲ್ಲ, ಸೋರಿದ್ದು ಎಲ್ಲಿ ಕಾಣುತ್ತೆ ಅಂದ್ರೆ, ರಾತ್ರಿ ಇಂಜಿನ್ ಕೆಳಗೆ ಒಂದು ರಟ್ಟು ಹಾಸಿ, ಮಳೆ ನೀರಲ್ಲಿ ಎಣ್ಣೆ ಕಲೆ ಅಳಿಯಲ್ಲ.) ಈ ಮೂರಕ್ಕೆ ನಾನು ಹೇಳಿದ ವ್ಯತ್ಯಾಸ ನಿಮ್ಮೂರಲ್ಲೂ ಇದೆಯಾ? ಒಸರು ಅಂದ್ರೆ ಬಯಲುಸೀಮೆ ಕಡೆಯ ಹುಡುಗರಿಗೆ ತಿಳಿಯುತ್ತಾ?

ಲಾರಿ ಬ್ರೇಕ್ ಹಿಡಿಯೋದು ಗಾಳಿ ಒತ್ತಡದಲ್ಲಿ, ಆ ಗಾಳಿಗೆ ಮಾತ್ರ ಸೋರು ಹೊಂದಲ್ಲ. ಡ್ರೈವರುಗಳು "ಏರ್ ಇಳೀತಿದೆ" ಅಂತಾರೆ. ಇಂಜಿನ್ ಆಫ್ ಮಾಡಿ ಬ್ರೇಕ್ ಒತ್ತಿಹಿಡಿದು ಮೀಟರ್ ಮುಳ್ಳು ನೋಡೋದು, ಅಮೆರಿಕಾದ ಲೆಕ್ಕದಲ್ಲಿ ಟ್ರೇಲರ್ ಇಲ್ಲದ ಗಾಡಿಗೆ 1 ನಿಮಿಷದಲ್ಲಿ ಗಾಳಿ ಒತ್ತಡ 3 ಪಿಎಸ್‌ಐಗಿಂತ ಜಾಸ್ತಿ ಇಳೀಬಾರದು, ಟ್ರೇಲರ್ ಇದ್ರೆ 4. ಹುಲಿಕಲ್ ಘಾಟಿ ಇಳಿಯೋ ಲೋಡ್ ಗಾಡಿಗೆ ಮಿಕ್ಕಿದ್ದು ಯಾವುದು ಬಿಟ್ರೂ ಇದೊಂದು ಬಿಡಬಾರದು ಅನ್ನೋದು ನನ್ನ ಅಭಿಪ್ರಾಯ. ಟಯರ್ ಬಗ್ಗೆ ಚರ್ಚೆ ಬೇಡ, "ಬಟನ್" ಅಂದ್ರೆ ಟಯರ್ ಮೇಲಿನ ಗೆರೆಗಳ ಆಳ ಅಂತ ಲಾರಿಯೋರಿಗೆಲ್ಲ ಗೊತ್ತು, ನಮ್ಮ ಕಾನೂನಲ್ಲಿ ಅದು 1.6 ಮಿ.ಮೀ.ಗಿಂತ ಕಮ್ಮಿ ಇರಬಾರದು ಅಂತ ಬರ್ದು ಮುಗಿಸಿದೀನಿ.

ತಲೆಬರಹಕ್ಕೆ ಸದ್ಯ "ಗಾಡಿ ನೋಡ್ಕೊಂಡೇ ಹೊರಡು" ಅಂತ ಇಟ್ಟಿದೀನಿ. ನಮ್ಮಲ್ಲೇ ಒಬ್ಬರು ಏಕವಚನ ಬೇಡ "ಹೊರಡಿ" ಮಾಡಿ ಅಂತಿದಾರೆ, ಇನ್ನೊಬ್ಬರು ಹೊರಡಿ ಅಂದ್ರೆ ಅದೂ ಸರ್ಕಾರಿ ಬೋರ್ಡ್ ಥರ ಆಗುತ್ತೆ, ಹಳೇ ಡ್ರೈವರು ಕ್ಲೀನರಿಗೆ ಹೇಳೋ ಮಾತು ಹಂಗೇ ಇರಲಿ ಅಂತಾರೆ. ನಿಮಗೆ ಯಾವುದು ಸರಿ ಅನ್ನಿಸುತ್ತೆ? ಕುಂದಾಪುರ, ಶಿರಸಿ ಕಡೆ ಲಾರಿಯವರು ಇದಕ್ಕೆ ಬೇರೆ ಮಾತು ಬಳಸ್ತಿದ್ರೆ ಅದನ್ನೂ ತಿಳಿಸಿ, ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.