ಹಳೆಯ ಫೈಲ್‌ಸಿಸ್ಟಮ್ ಮಾಡ್ಯೂಲ್ ಶುಚಿ ಮಾಡುವಾಗ ಕೆಲಸದ ಕ್ರಮ ಹೇಗಿರಬೇಕು?

ಕೋಥ್ರೂಡ್_ಕರ್ನಲ್:
ನಮಸ್ಕಾರ. ಪುಣೆಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ, ಲಿನಕ್ಸ್ ಕರ್ನಲ್ ಟ್ರೀಯ (ಮೂಲ ಕೋಡ್ ಸಂಗ್ರಹದ) ಹೊರಗಿರುವ ಒಂದು ಸಣ್ಣ ಫೈಲ್‌ಸಿಸ್ಟಮ್ ಮಾಡ್ಯೂಲನ್ನು ಮೇನ್‌ಲೈನ್‌ಗೆ (ಅಧಿಕೃತ ಕರ್ನಲ್‌ಗೆ) ಕಳಿಸುವ ಮಟ್ಟಕ್ಕೆ ತರಬೇಕೆಂದಿದ್ದೇವೆ. ನಾಲ್ಕು ಸ್ಪೇಸ್ ಇಂಡೆಂಟ್, ಕ್ಯಾಮೆಲ್‌ಕೇಸ್ ಹೆಸರುಗಳು (ನಡುವೆ ದೊಡ್ಡಕ್ಷರ ಬರುವಂಥವು), ಎಲ್ಲಿ ನೋಡಿದರೂ ಕರ್ನಲ್ ಆವೃತ್ತಿಯ ಇಫ್‌ಡೆಫ್ (ಆವೃತ್ತಿಗೆ ತಕ್ಕಂತೆ ಕೋಡ್ ಆರಿಸುವ ಷರತ್ತು). ಕೋಡ್‌ನ ಶೈಲಿಯನ್ನು ತಾನೇ ಸರಿಮಾಡುವ ಕ್ಲ್ಯಾಂಗ್-ಫಾರ್ಮ್ಯಾಟ್ ಓಡಿಸಿ ಒಂದೇ ಕಮಿಟ್ (ದಾಖಲಾದ ಬದಲಾವಣೆ) ಮಾಡಿಬಿಡಬಹುದೇ? ಕೋಡ್‌ನ ವರ್ತನೆ ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಠಾಣೆ_ಬ್ಲಾಕ್‌ಲೇಯರ್:
ಓಡಿಸಿ, ಆದರೆ ಆ ಕಮಿಟ್‌ನಲ್ಲಿ ಬೇರೆ ಏನೂ ಇರಬಾರದು. ಕರ್ನಲ್ ಟ್ರೀಯಲ್ಲೇ ಇರುವ ಕ್ಲ್ಯಾಂಗ್-ಫಾರ್ಮ್ಯಾಟ್ ಸೆಟ್ಟಿಂಗ್ಸ್ ಫೈಲನ್ನೇ ಬಳಸಿ. ಟ್ಯಾಬ್ 8 ಕಾಲಮ್, ಸಾಲು 80ರೊಳಗಿದ್ದರೆ ಒಳ್ಳೆಯದು; ಕರ್ನಲ್‌ನ ಶೈಲಿ ಪರೀಕ್ಷಿಸುವ ಸ್ಕ್ರಿಪ್ಟ್ ಚೆಕ್‌ಪ್ಯಾಚ್ 2020ರಿಂದ ಈಚೆಗೆ 100 ದಾಟಿದರೆ ಮಾತ್ರ ಗೊಣಗುತ್ತದೆ. ಟ್ಯಾಬ್ ಹಾಕಿ ನೇರಕ್ಕೆ ಜೋಡಿಸಿದ ಡಿಫೈನ್ ಪಟ್ಟಿಗಳನ್ನೂ ಸ್ಟ್ರಕ್ಚರ್‌ಗಳನ್ನೂ ಕ್ಲ್ಯಾಂಗ್-ಫಾರ್ಮ್ಯಾಟ್ ಕೆಡಿಸಬಹುದು. ಅವನ್ನು ಕೈಯಲ್ಲೇ ಸರಿಮಾಡಿ.

ಖಾತ್ರಿಗೆ: ಶುಚಿ ಮಾಡುವ ಮುಂಚಿನ ಆಬ್ಜೆಕ್ಟ್ ಫೈಲ್ (ಕಂಪೈಲ್ ಆದ ಕೋಡ್), ಆಮೇಲಿನದು, ಎರಡನ್ನೂ ಒಂದೇ ಕಂಪೈಲರ್, ಒಂದೇ ಕಾನ್ಫಿಗ್‌ನಲ್ಲಿ ಕಟ್ಟಿ, ಆಬ್ಜ್‌ಡಂಪ್ ಉಪಕರಣದಿಂದ ಡಿಸ್‌ಅಸೆಂಬ್ಲಿ (ಯಂತ್ರದ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ತೆಗೆದು ಡಿಫ್ ಮಾಡಿ (ವ್ಯತ್ಯಾಸ ನೋಡಿ). ಇಲ್ಲೊಂದು ಮೋಸವಿದೆ. ಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನ ಎರರ್ ಮ್ಯಾಕ್ರೋ ಹಾಗೆ ನಿಮ್ಮದೂ ಸಾಲಿನ ಸಂಖ್ಯೆಯನ್ನು ಆರ್ಗ್ಯುಮೆಂಟ್ ಆಗಿ ಕೊಡುತ್ತಿದ್ದರೆ, ಒಂದು ಸಾಲು ಮುರಿದರೂ ಅಲ್ಲಿಂದ ಕೆಳಗಿನ ಸ್ಥಿರಾಂಕಗಳೆಲ್ಲ ಬದಲಾಗುತ್ತವೆ. ಡಿಫ್‌ನಲ್ಲಿ ಅಂಥ ಮೂವ್ ಇನ್‌ಸ್ಟ್ರಕ್ಷನ್‌ಗಳು ಮಾತ್ರ ಕಂಡರೆ ಚಿಂತೆಯಿಲ್ಲ. ಒಂದು ಜಂಪ್ ಬದಲಾದರೂ ಆ ಕಮಿಟ್ ವಾಪಸ್ ತೆಗೆಯಿರಿ.

ಹೆಸರು ಬದಲಾವಣೆ ಇನ್ನೊಂದು ಕಮಿಟ್. ಇಫ್‌ಡೆಫ್ ತೆಗೆಯುವುದು ಮತ್ತೊಂದು. ಮೇನ್‌ಲೈನ್‌ನಲ್ಲಿ ಹಳೆಯ ಆವೃತ್ತಿಗಳ ಕೋಡ್‌ಗೆ ಜಾಗವೇ ಇಲ್ಲ.

ಮಡಗಾಂವ್_ಐನೋಡ್:
ಮೇಲಿನವರು ಹೇಳಿದ್ದು ಸರಿ. ಆದರೆ ನಿಜವಾದ ಅಪಾಯ ಎರರ್ ದಾರಿಗಳಲ್ಲಿದೆ. ಒಳಗೊಳಗೆ ಸೇರಿಕೊಂಡ ಇಫ್‌ಗಳನ್ನು ಗೋಟೂ ಲೇಬಲ್‌ಗಳಿಗೆ ಬದಲಿಸುವಾಗ ಫಿಲ್-ಸೂಪರ್ ಫಂಕ್ಷನ್ನನ್ನು (ಮೌಂಟ್ ಆಗುವಾಗ ಸೂಪರ್‌ಬ್ಲಾಕ್, ಅಂದರೆ ಫೈಲ್‌ಸಿಸ್ಟಮ್‌ನ ಮುಖ್ಯ ದಾಖಲೆ, ತುಂಬುವಂಥದ್ದು) ಸಾಲುಸಾಲಾಗಿ ಓದಿ.

ರೂಟ್ ಡೆಂಟ್ರಿ (ಡೈರೆಕ್ಟರಿ ನಮೂದು) ಕಟ್ಟುವ ಡಿ_ಮೇಕ್_ರೂಟ್ ವಿಫಲವಾದರೆ ಐನೋಡನ್ನು (ಫೈಲ್‌ನ ವಿವರಗಳ ದಾಖಲೆ) ತಾನೇ ಐಪುಟ್ ಮಾಡಿರುತ್ತದೆ, ಅಂದರೆ ಅದರ ರೆಫರೆನ್ಸ್ ಇಳಿಸಿರುತ್ತದೆ. ಲೇಬಲ್‌ನಲ್ಲಿ ನೀವೂ ಐಪುಟ್ ಬರೆದರೆ ರೆಫರೆನ್ಸ್ ಎರಡು ಸಲ ಇಳಿಯುತ್ತದೆ. ಸೂಪರ್‌ಬ್ಲಾಕ್‌ಗೆ ರೂಟ್ ಡೆಂಟ್ರಿ ಕೂರದೇ ಇದ್ದರೆ, ಅನ್‌ಮೌಂಟ್ ಸಮಯದ ಪುಟ್-ಸೂಪರ್ ಕರೆಯೇ ಆಗುವುದಿಲ್ಲ, ಆದರೆ ಸೂಪರ್‌ಬ್ಲಾಕ್ ಮುಗಿಸುವ ಕಿಲ್-ಎಸ್‌ಬಿ ಯಾವಾಗಲೂ ಆಗುತ್ತದೆ. ಹಾಗಾಗಿ ಖಾಸಗಿ ಮಾಹಿತಿಯ ಮೆಮರಿಯನ್ನು ಎಲ್ಲಿ ಬಿಡುಗಡೆ ಮಾಡಬೇಕೆಂದು ಮೊದಲೇ ತೀರ್ಮಾನಿಸಿ, ಒಂದೇ ಕಡೆ ಮಾಡಿ. ಐನೋಡ್ ಹುಡುಕಿಕೊಡುವ ಐಗೆಟ್_ಲಾಕ್ಡ್‌ನಿಂದ ಬಂದ ಹೊಸ ಐನೋಡ್ ಓದುವಾಗ ತಪ್ಪಾದರೆ ಐಗೆಟ್_ಫೇಲ್ಡ್ ಕರೆಯಬೇಕು. ಬರೀ ಐಪುಟ್ ಮಾಡಿದರೆ ಅದೇ ಐನೋಡ್‌ಗೆ ಕಾಯುತ್ತಿರುವ ಪ್ರಕ್ರಿಯೆ ನೇತುಬೀಳಬಹುದು. ಇನ್ನು ಡಿಸ್ಕ್ ಬ್ಲಾಕ್ ಓದುವ ಎಸ್‌ಬಿ_ಬ್ರೆಡ್ ವಿಫಲವಾದಾಗ ನಲ್ ಕೊಡುತ್ತದೆ, ಎರರ್ ಪಾಯಿಂಟರ್ (ಎರರ್ ಸಂಖ್ಯೆ ಹೊತ್ತ ಪಾಯಿಂಟರ್) ಅಲ್ಲ. ಇವೆರಡನ್ನು ಬೆರೆಸಿದರೆ ಕಂಪೈಲರ್ ಚಕಾರವೆತ್ತುವುದಿಲ್ಲ.

ಇವು ವರ್ತನೆಯ ಬದಲಾವಣೆಗಳು, ಇಲ್ಲಿ ಆಬ್ಜ್‌ಡಂಪ್ ಉಪಯೋಗಕ್ಕೆ ಬಾರದು. ಬೇಕೆಂದೇ ಮೆಮರಿ ಕೋರಿಕೆ ವಿಫಲಗೊಳಿಸುವ ಫೇಲ್‌ಸ್ಲ್ಯಾಬ್ ಹಾಕಿ ಮೌಂಟ್ ಮಾಡುವಾಗ ಮೆಮರಿ ಸಿಗದಂತೆ ಮಾಡಿ, ರೂಟ್ ಐನೋಡ್ ಕೆಡಿಸಿದ ಇಮೇಜನ್ನೂ ಮೌಂಟ್ ಮಾಡಿ ನೋಡಿ. ಕೇಸನ್ (ತಪ್ಪು ಮೆಮರಿ ಬಳಕೆ ಹಿಡಿಯುವುದು) ಮತ್ತು ಕೆಮೆಮ್‌ಲೀಕ್ (ಮೆಮರಿ ಸೋರಿಕೆ ಹಿಡಿಯುವುದು) ಎರಡೂ ಚಾಲೂ ಇರಲಿ.

ಕೋಥ್ರೂಡ್_ಕರ್ನಲ್:
ತುಂಬಾ ಉಪಕಾರವಾಯಿತು. ಡಿಸ್ಕ್ ಮೇಲಿನ ಸ್ಟ್ರಕ್ಚರ್‌ಗಳಲ್ಲಿ ಬರೀ ಯು32 (ಬೈಟ್ ಕ್ರಮ ಗುರುತಿಸದ 32 ಬಿಟ್ ಸಂಖ್ಯೆ) ಇದೆ. ಅದನ್ನೂ ಈಗಲೇ ಮುಟ್ಟಬೇಕೇ? ಇದೇ ರೀತಿ ಮೇನ್‌ಲೈನ್‌ನಲ್ಲಿ ಈಗಾಗಲೇ ಇರುವ ಫೈಲ್‌ಸಿಸ್ಟಮ್‌ಗಳಿಗೂ ಶುಚಿ ಪ್ಯಾಚ್ ಕಳಿಸಬಹುದೇ?

ಠಾಣೆ_ಬ್ಲಾಕ್‌ಲೇಯರ್:
ಯು32 ಖಂಡಿತ ಮುಟ್ಟಿ. ಎಲ್‌ಇ32 (ಲಿಟಲ್ ಎಂಡಿಯನ್, ಅಂದರೆ ಕಿರಿಯ ಬೈಟ್ ಮೊದಲು) ಗುರುತು ಹಾಕಿ, ಮೇಕ್‌ಗೆ ಸಿ=2 ಕೊಟ್ಟು ಕೋಡ್ ಪರೀಕ್ಷಿಸುವ ಸ್ಪಾರ್ಸ್ ಓಡಿಸಿದರೆ, ಬೈಟ್ ಕ್ರಮದ ಪರಿವರ್ತನೆ ಬಿಟ್ಟುಹೋದ ಜಾಗಗಳನ್ನೆಲ್ಲ ಅದು ತೋರಿಸುತ್ತದೆ. ಎಕ್ಸ್86ನಲ್ಲಿ ಇನ್‌ಸ್ಟ್ರಕ್ಷನ್ ಬದಲಾಗದು, ಎಸ್390ನಂಥ ಬಿಗ್ ಎಂಡಿಯನ್ (ಹಿರಿಯ ಬೈಟ್ ಮೊದಲು ಇಡುವ) ಯಂತ್ರದಲ್ಲಿ ಮಾತ್ರ ಬಗ್ ಹೊರಬೀಳುತ್ತದೆ. ಫೀಲ್ಡ್‌ಗಳ ಕ್ರಮ ಮಾತ್ರ ಬದಲಿಸಬೇಡಿ. ಅಂದಕ್ಕೆಂದು ಮೇಲೆ ಕೆಳಗೆ ಮಾಡಿದರೆ ಹಳೆಯ ಡಿಸ್ಕ್ ಓದಲಾಗದು. ಗಾತ್ರಕ್ಕೆ ಬಿಲ್ಡ್_ಬಗ್_ಆನ್ (ತಪ್ಪಿದರೆ ಕಂಪೈಲ್ ನಿಲ್ಲಿಸುವ ಪರೀಕ್ಷೆ) ಹಾಕಿಡಿ.

ಇರುವ ಫೈಲ್‌ಸಿಸ್ಟಮ್‌ಗಳಿಗೆ ಬರೀ ಚೆಕ್‌ಪ್ಯಾಚ್ ಪ್ಯಾಚ್ ಕಳಿಸಬೇಡಿ, ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಸ್ಟೇಬಲ್ ಆವೃತ್ತಿಗೆ (ಬಿಡುಗಡೆಯಾದ, ಫಿಕ್ಸ್‌ಗಳಷ್ಟೇ ಸೇರುವ ಕರ್ನಲ್‌ಗೆ) ಬಗ್ ಫಿಕ್ಸ್ ಒಯ್ಯುವಾಗ ಅಂಥ ಬದಲಾವಣೆಯಿಂದಲೇ ಕಾನ್‌ಫ್ಲಿಕ್ಟ್ ಬರುತ್ತದೆ. ಎಕ್ಸ್‌ಎಫ್‌ಎಸ್‌ನಂಥ ಫೈಲ್‌ಸಿಸ್ಟಮ್‌ಗಳಲ್ಲಿ ಅವರದೇ ಶೈಲಿಯೂ ಇದೆ: ಲೋಕಲ್ ವೇರಿಯೇಬಲ್ ಹೆಸರುಗಳನ್ನು ಟ್ಯಾಬ್ ಕೊಟ್ಟು ಒಂದೇ ಕಾಲಮ್‌ಗೆ ತರುತ್ತಾರೆ. ಯಾವುದಾದರೂ ಫಂಕ್ಷನ್‌ನಲ್ಲಿ ಬಗ್ ಸರಿಮಾಡುತ್ತಿದ್ದರೆ, ಸರಣಿಯಲ್ಲಿ ಫಿಕ್ಸ್ ಮೊದಲು, ಆ ಫಂಕ್ಷನ್‌ನ ಶುಚಿ ನಂತರ ಬರಲಿ. ಆಗ ಸ್ಟೇಬಲ್‌ನವರು ಮೊದಲನೆಯದನ್ನಷ್ಟೇ ಎತ್ತಿಕೊಳ್ಳಬಹುದು.