ಸಹಾಯ ಬೇಕ್ರಿ: ಮೂರು ಅಲಗಿನ ಹೊಸ ಚಾಕು ಇಟ್ಕೊಳ್ಳೋದೋ ವಾಪಸ್ ಕಳಸೋದೋ?

ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡದ ಕಡೆ ನಮ್ದು ಆಪೂಸ್ ಮಾವಿನ ತೋಟ ಐತ್ರಿ. ನಮ್ಮಪ್ಪಾರ ಹತ್ರ ಹಳೇ ಸ್ಟಾಕ್‌ಮನ್ ಚಾಕು ಇತ್ತು, ಅಮೆರಿಕದ ದನಾ ಕಾಯೋರ ಚಾಕು ಅದು, ಮೂರು ಅಲಗು, ಅದ್ರಾಗ ಸ್ಪೇ ಅನ್ನೋ ಸಣ್ಣ ಅಲಗು ಹೋರಿ ಬೀಜ ತಗೀಲಿಕ್ಕ ಅಂತ ಮಾಡಿದ್ದಂತ, ನಮ್ಮಪ್ಪಾರು ಅದ್ರಾಗ ಕಸಿ ಕಟ್ಟತಿದ್ರು! ಮಾವಿನ ಸೊನೆ ಹತ್ತಿ ಹತ್ತಿ ಕಾರ್ಬನ್ ಸ್ಟೀಲ್ ಕರ್ರಗ ಆಗಿತ್ತು, ಆದ್ರ ಸಾಣೆ ಕಲ್ಲಿಗೆ ನಾಕು ಸಲ ಎಳದ್ರ ಸಾಕು, ಬ್ಲೇಡ್ ಆದಂಗ ಆಗತಿತ್ತು.

ಅದು ಕಳದ್ಹೋತು. ಈಗ ಅದೇ ನಮೂನಿದು ಹೊಸಾದು ಆನ್‌ಲೈನ್ ತರಿಸೇನಿ, ಎಲುಬಿನ ಹಿಡಿ ಬದಲಿ ಮೈಕಾರ್ಟಾ (ಬಟ್ಟಿ ಪದರಿಗೆ ರಾಳ ಹಾಕಿ ಒತ್ತಿ ಮಾಡಿದ್ದು), ಸ್ಟೀಲ್ ಡಿ2 ಅನ್ನೋ ಗಡಸು ನಮೂನಿದು. ಕೈಯಾಗ ಛಲೋ ಕೂಡತೈತಿ, ಅಲಗು ಅರ್ಧಕ್ಕ ಟಕ್ ಅಂತ ನಿಂತು ಆಮ್ಯಾಲೆ ಪೂರ್ತಿ ತೆರೀತೈತಿ. ಖರೇ ಹೇಳ್ಬೇಕಂದ್ರ ಅಲ್ಲೇ ಮನಸು ಸೋತೆ. ಆದ್ರ ಬೆಳಕಿಗೆ ಹಿಡದ್ರ ಸ್ಪ್ರಿಂಗಿಗೂ ಅಲಗಿಗೂ ನಡುವ ಕೂದಲೆಳೆ ಸಂದಿ ಕಾಣತೈತಿ, ಸ್ಪೇ ಅಲಗು ಮಡಚುವಾಗ ಬಾಜೂ ಅಲಗಿಗೆ ತಿಕ್ಕಿ ಗೀರು ಬಿದ್ದಾವು, ಎಡಕ್ಕ ಬಲಕ್ಕ ಒಂಚೂರು ಅಳ್ಳಾಡತೈತಿ ಬ್ಯಾರೆ. ಇದಕ್ಕ ಲಾಕ್ ಇರೂದಿಲ್ಲ, ಬರೇ ಸ್ಪ್ರಿಂಗ್ ಮ್ಯಾಲೆ ನಿಲ್ಲೂದು, ಅದಕ್ಕ ಅಂಜಿಕಿ.

ಡಿ2ದಾಗ ಕ್ರೋಮಿಯಂ ಸುಮಾರು 12% ಇದ್ರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ ಅಂತಾರ, ಸೊನಿಗೆ ತುಕ್ಕು ಹಿಡೀತೈತೇನ್ರಿ? ಸಾಣೆ ಕಲ್ಲು ನಡೀತೈತೋ, ಡೈಮಂಡ್ ಪ್ಲೇಟೇ ಬೇಕೋ? ರಿವೆಟ್ ಮ್ಯಾಲೆ ಹಗೂರಕ ಬಡದ್ರ ಅಳ್ಳಾಟ ಹೋಗತೈತಿ ಅಂತ ನಮ್ಮೂರ ಕಮ್ಮಾರ ಕಾಕಾ ಅಂತಾರ, ಆದ್ರ ಬಡದ್ರ ಮಾರಿದವ್ರು ವಾಪಸ್ ತಗೊಳ್ಳೂದಿಲ್ಲಲ್ರಿ. ಕಸಿ ಕಟ್ಟೋರು ಯಾರರ ಇದನ್ನ ಬಳಸೀರೇನು? ಶುಕ್ರವಾರದೊಳಗ ಹೇಳ್ರಿಪಾ, ರಿಟರ್ನ್ ಅಲ್ಲೀತನಕಾ ಅಷ್ಟ ಐತಿ.